ಕಾಕ್ಸ್ ಕೊಯ್ಯುವ ದಿನ

ಆಗಸ್ಟ್ 28, 1996

ನನ್ನ ಸೊಸೆ ವೀಬ್ಕೆ ಎಲ್ಲವನ್ನೂ ಬರೆದಿಡುತ್ತಾಳೆ. ಯಾವ ಸಾಲಿನ ಮರ ಯಾವತ್ತು ಹೂ ಬಿಟ್ಟಿತು, ಯಾವ ಹಣ್ಣು ಎಷ್ಟು ಗಟ್ಟಿ, ಬೆಳಿಗ್ಗೆ ಇಬ್ಬನಿ ಬಿತ್ತೋ ಇಲ್ಲವೋ, ಎಲ್ಲ. ಚಳಿಗಾಲದಲ್ಲಿ ವಾದ ಬಂದಾಗ ಪುಸ್ತಕ ತೆರೆದು ಪುಟ ತೋರಿಸುತ್ತಾಳೆ. ನನ್ನ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಅದಕ್ಕೇ ಈ ವರ್ಷ ನಾನೂ ಬರೆಯುತ್ತೇನೆ. ಅರವತ್ತೇಳನೆಯ ವಯಸ್ಸಿನಲ್ಲಿ ಮೇಟಾ ರೀಪರ್ ದಿನಚರಿ ಬರೆಯಲು ಕೂತಿದ್ದಾಳೆಂದು ಯಾರಿಗೂ ತಿಳಿಯಬೇಕಾಗಿಲ್ಲ.

ಹತ್ತು ದಿನ ಹಿಡಿದಿದ್ದ ಜ್ವರ ಬಿಟ್ಟು ಇವತ್ತಿಗೆ ಒಂದು ವಾರ. ಕಾಲಿಗೆ ಬಲ ಬಂದಿದೆ. ಮಧ್ಯಾಹ್ನ ಎಲ್ಬ ನದಿಯ ಏರಿಯ ತನಕ ನಡೆದು ಬಂದೆ. ತೋಟದಲ್ಲಿ ಫಸಲು ಚೆನ್ನಾಗಿದೆ, ಕೊಂಬೆಗಳು ಬಾಗಿವೆ.

ವೀಬ್ಕೆ ಕಾಫಿಪುಡಿ ಉಳಿಸಲು ಶುರುಮಾಡಿದ್ದಾಳೆ. ಲೋಟದ ತುಂಬ ಕಪ್ಪು ಬಿಸಿನೀರು. ನಾನು ಹೇಳಿದ್ದಕ್ಕೆ ಇನ್ನೊಂದು ಚಮಚ ಹಾಕಿದಳು. ಹಾಯೋ, ನನ್ನ ಮಗ, ಒಂದು ಗುಟುಕು ಕುಡಿದು ಕೆಮ್ಮಿದ. ಹೆಂಡತಿಯ ಪರ ವಹಿಸಿಕೊಳ್ಳಲು ಕೆಮ್ಮೂ ಒಂದು ದಾರಿ.

ಸೆಪ್ಟೆಂಬರ್ 1, ಭಾನುವಾರ

ಕಚ್ಚುವ ಭಾನುವಾರ. ಚರ್ಚ್ ಮುಗಿಸಿಕೊಂಡು ನಮ್ಮ ಬೀದಿಯ ತೋಟದವರೆಲ್ಲ ಎಂದಿನಂತೆ ನನ್ನ ಅಡುಗೆಮನೆಗೆ ಬಂದರು. ಪ್ರತಿಯೊಬ್ಬರ ಜೇಬಿನಲ್ಲೂ ತಮ್ಮ ತೋಟದ ಎರಡೆರಡು ಕಾಕ್ಸ್ ಸೇಬು. ನಾನು ಕಚ್ಚುತ್ತೇನೆ, ಅಗಿಯುತ್ತೇನೆ, ಕೊಯ್ಯಲು ಇನ್ನೆಷ್ಟು ದಿನ ಎಂದು ಹೇಳುತ್ತೇನೆ. ಮೂವತ್ತೈದು ವರ್ಷದಿಂದ ಹೀಗೇ. ನಾನು ಮದುವೆಯಾಗಿ ಬಂದ ವರ್ಷ ಮಾವನವರು ಕೊಯ್ಲಿಗೆ ಆಳು ಕರೆದಾಗ, ಹಣ್ಣಿನ್ನೂ ಹುಲ್ಲು ಹುಲ್ಲಾಗಿದೆ, ಆರು ದಿನ ತಾಳಿ ಎಂದಿದ್ದೆ. ಬೈದುಕೊಂಡೇ ತಾಳಿದರು. ಆ ವರ್ಷ ಬೀದಿಯವರ ಹಣ್ಣೆಲ್ಲ ಉಗ್ರಾಣದಲ್ಲಿ ಸುಕ್ಕುಗಟ್ಟಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಎದ್ದಿತು. ನಮ್ಮದು ಫೆಬ್ರವರಿಯ ತನಕ ಘಮಘಮ ಎನ್ನುತ್ತಿತ್ತು.

ಕಾಕ್ಸ್ ಎಂದರೆ ಹಠಮಾರಿ ಹಣ್ಣು. ಐದು ದಿನ ಮೊದಲು ಕಿತ್ತರೆ ಪರಿಮಳವೇ ಹುಟ್ಟುವುದಿಲ್ಲ. ಐದು ದಿನ ತಡವಾದರೆ ಕ್ರಿಸ್ಮಸ್ಸಿಗೆಲ್ಲ ಬೇಯಿಸಿದ ಆಲೂಗಡ್ಡೆಯ ಹಾಗೆ ಹಿಟ್ಟುಹಿಟ್ಟು.

ಇವತ್ತು ಐದು ತೋಟದ ಹಣ್ಣು ಕಚ್ಚಿದೆ. ಐದೂ ಒಂದೇ. ಹುಳಿಯೂ ಇಲ್ಲ, ಸಿಹಿಯೂ ಇಲ್ಲ, ಬಾಯಿ ತುಂಬ ನೀರು. ಬೇಸಿಗೆ ಬಿಸಿಲು ಸಾಲದಾಗಿದೆ. ಮೂರು ವಾರ ಎಂದೆ.

ಪಕ್ಕದ ತೋಟದ ಟೇವೆಸ್ ತಲೆ ಕೆರೆದುಕೊಂಡ. ಅವನು ನನ್ನ ವಾರಿಗೆಯವನು. "ಮೂರು ವಾರಾನಾ ಮೇಟಾ? ನನ್ನ ಬಾಯಿಗೇ ಸಿಹಿ ಹತ್ತುತ್ತಲ್ಲ."

"ನಿನ್ನ ಬಾಯಿಗೆ ಹೊಗೆಸೊಪ್ಪೂ ಸಿಹಿನೇ" ಎಂದೆ. ಎಲ್ಲರೂ ನಕ್ಕರು. ವೀಬ್ಕೆ ಮಾತ್ರ ನಗಲಿಲ್ಲ. ನಾನು ಕಚ್ಚಿಟ್ಟ ಹಣ್ಣನ್ನು ಎತ್ತಿಕೊಂಡು ಇನ್ನೊಂದು ಕಡೆಯಿಂದ ಕಚ್ಚಿ ನೋಡುತ್ತಿದ್ದಳು.

ಸೆಪ್ಟೆಂಬರ್ 9

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ವೀಬ್ಕೆಯ ಪ್ರಯೋಗ. ಹಣ್ಣನ್ನು ಅಡ್ಡಡ್ಡ ಸೀಳಿ ಅಯೋಡಿನ್ ನೀರಲ್ಲಿ ಅದ್ದುತ್ತಾಳೆ. ಹಿಟ್ಟು ಇರುವ ಕಡೆ ಕಡುನೀಲಿ ಆಗುತ್ತದೆ, ಹಿಟ್ಟು ಸಕ್ಕರೆಯಾದ ಕಡೆ ಬೆಳ್ಳಗೇ ಉಳಿಯುತ್ತದೆ. ತೋಟಗಾರಿಕೆ ಶಾಲೆಯಲ್ಲಿ ಕಲಿತದ್ದು. ಹತ್ತು ಹಣ್ಣಿನ ಹೋಳುಗಳನ್ನು ಸಾಲಾಗಿ ಜೋಡಿಸಿದ್ದಳು, ಎಲ್ಲವೂ ಅರ್ಧಕ್ಕರ್ಧ ಬೆಳ್ಳಗಿದ್ದವು.

"ಅತ್ತೆ, ಜನವರಿ ತನಕ ಇಡೋದಾದ್ರೆ ಈ ವಾರವೇ ಕೊಯ್ಬೇಕು. ಮುಂದಿನ ವಾರ ತಡವಾಗುತ್ತೆ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದೆ. ನನ್ನ ಬಾಯಿಗೆ ಇನ್ನೂ ಏನೂ ಬಂದಿಲ್ಲ, ಬಂದ ದಿನ ಹೇಳುತ್ತೇನೆ ಎಂದೆ. ಅವಳು ಹಾಯೋನ ಕಡೆ ನೋಡಿದಳು. ಅವನು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮ. ಇಬ್ಬರ ಮಾತಲ್ಲೂ ಅರ್ಥವಿದೆ, ನೋಡೋಣ ಎಂದು ಟ್ರ್ಯಾಕ್ಟರ್ ಹತ್ತಿ ಹೋದ.

ಸೆಪ್ಟೆಂಬರ್ 13

ನಾನು ಮಾಡಿದ ಆಲೂಗಡ್ಡೆ ಸೂಪನ್ನು ಹಾಯೋ ಎರಡು ಚಮಚ ಕುಡಿದು ತಟ್ಟೆ ತಳ್ಳಿದ. ಉಪ್ಪು ಹೆಚ್ಚಾಗಿದೆಯಂತೆ. ಮೂರು ಲೋಟ ನೀರು ಕುಡಿದ. ನನಗಂತೂ ಸಪ್ಪೆ ಅನ್ನಿಸಿ ಎರಡು ಸಲ ಹಾಕಿದ್ದೆ. ಮದುವೆಯಾದ ಮೇಲೆ ಗಂಡುಮಕ್ಕಳ ನಾಲಿಗೆಯೂ ಬದಲಾಗುತ್ತದೆ.

ಸೆಪ್ಟೆಂಬರ್ 16

ಪೋಲೆಂಡಿನಿಂದ ಕೊಯ್ಲಿನವರು ಬಂದರು. ಎಂಟು ವರ್ಷದಿಂದ ದನೂತಾಳೇ ಅವರ ಮೇಸ್ತ್ರಿ. ಬಸ್ಸಿಳಿದವಳೇ ಬೇಲಿಯ ಬಳಿಯ ಮರದಿಂದ ಒಂದು ಕಾಕ್ಸ್ ಕಿತ್ತು ತಿಂದು, ನಾಳೆ ಬೆಳಿಗ್ಗೆಯಿಂದಲೇ ತಾನೇ ಎಂದು ಕೇಳಿದಳು. ಇನ್ನೂ ಒಂದು ವಾರ ಎಂದದ್ದಕ್ಕೆ ನನ್ನ ಮುಖವನ್ನೇ ನೋಡಿದಳು. ಕೆಲಸ ಬೇಗ ಶುರುವಾಗಲೆಂದು ಅವಳ ಆತುರ, ನನಗೆ ಗೊತ್ತಿಲ್ಲವೇ. ಅಷ್ಟರ ತನಕ ಬೇರೆ ತಳಿಯ ಹಣ್ಣು ಕೊಯ್ಯಲು ಕಳಿಸಿದೆ.

ದಿನಕ್ಕೆ ನಾಲ್ಕು ಸಲ ತೋಟಕ್ಕೆ ಹೋಗಿ ಕಚ್ಚುತ್ತೇನೆ. ಹೊಟ್ಟೆಯೆಲ್ಲ ಸೇಬು. ಆ ಒಂದು ಕ್ಷಣ ಬರಬೇಕು, ನಾಲಿಗೆಯ ಹಿಂದೆ ಮೊದಲು ಹುಳಿ ತಟ್ಟಿ ಆಮೇಲೆ ಮೂಗಿಗೆ ಬಾದಾಮಿಯಂಥದೊಂದು ಪರಿಮಳ ಏರುವ ಕ್ಷಣ. ಬರುತ್ತಿಲ್ಲ.

ಸೆಪ್ಟೆಂಬರ್ 20

ಟೇವೆಸ್ ತನ್ನ ಕಾಕ್ಸ್ ಕೊಯ್ದು ಮುಗಿಸಿದನಂತೆ. ನನಗೆ ಒಂದು ಮಾತು ಹೇಳಲಿಲ್ಲ. ಏರಿಯ ಮೇಲೆ ಸಿಕ್ಕಾಗ ತನ್ನ ತೋಟ ದಕ್ಷಿಣಕ್ಕೆ ಮುಖ ಮಾಡಿದೆ, ಅದಕ್ಕೇ ಬೇಗ ಹಣ್ಣಾಯಿತು ಎಂದು ಏನೇನೋ ಹೇಳಿದ. ಆ ತೋಟ ನಲವತ್ತು ವರ್ಷದಿಂದಲೂ ದಕ್ಷಿಣಕ್ಕೇ ಇದೆ. ನನಗೆ ಬಹಳ ನೋವಾಯಿತು.

ನಮ್ಮ ಮರಗಳ ಕೆಳಗೆ ಹಣ್ಣು ಉದುರುತ್ತಿದೆ. ರಾತ್ರಿ ಗಾಳಿ ಇತ್ತು.

ಸೆಪ್ಟೆಂಬರ್ 24

ಕೊಯ್ಲು ಶುರು. ಕೊನೆಗೂ ಆ ರುಚಿ ಬಂದದ್ದಕ್ಕಲ್ಲ. ಬಣ್ಣ ನೋಡಿ ಹೇಳಿಬಿಟ್ಟೆ. ಎಂಥ ಬಣ್ಣ! ಇಷ್ಟು ವರ್ಷದಲ್ಲಿ ಕಾಕ್ಸ್ ಇಷ್ಟು ಕೆಂಪಗಾದದ್ದು ನಾನು ಕಂಡಿಲ್ಲ. ವೀಬ್ಕೆ ಹೋಳುಗಳನ್ನು ತಂದು ತೋರಿಸಿದಳು, ನೀಲಿ ಹೆಚ್ಚುಕಡಿಮೆ ಮಾಯವಾಗಿದೆ. ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಬರೆದುಕೊಂಡಾಗ ನನಗೆ ಸಿಟ್ಟು ಬರುತ್ತದೆ.

ಸೆಪ್ಟೆಂಬರ್ 28

ಕಾಕ್ಸ್ ಕೋಣೆ ಛಾವಣಿಯ ತನಕ ತುಂಬಿದೆ. ಸಂಜೆ ಬಾಗಿಲು ಮುಚ್ಚಿ ಸುತ್ತಲೂ ಗಾಳಿಯಾಡದಂತೆ ಬಿಗಿದೆವು. ಇನ್ನು ವೀಬ್ಕೆ ನೋಡಿಕೊಳ್ಳುವ ಯಂತ್ರದಿಂದ ಒಳಗಿನ ಆಮ್ಲಜನಕವನ್ನು ತೀರಾ ಕಮ್ಮಿ ಮಾಡಿ, ಹಣ್ಣು ಉಸಿರಾಡಿಯೂ ಆಡದ ಹಾಗೆ ಮಲಗಿಸುವುದು. ಆ ಗಾಳಿಯಲ್ಲಿ ಮನುಷ್ಯ ಕಾಲಿಟ್ಟರೆ ಎರಡು ಉಸಿರಿಗೆ ಬೀಳುತ್ತಾನೆ. ಹಣ್ಣು ಮಾತ್ರ ಮೂರು ತಿಂಗಳಿಗೂ ಹೆಚ್ಚು ನಿದ್ದೆ ಮಾಡುತ್ತದೆ.

ಮುಚ್ಚುವ ಮೊದಲು ವೀಬ್ಕೆ ಎಷ್ಟು ಬೇಡಿಕೊಂಡಳೆಂದರೆ, ಕೈಮುಗಿಯುವುದೊಂದು ಬಾಕಿ. ತಡವಾಗಿ ಕೊಯ್ದ ಹಣ್ಣು ಈ ನಿದ್ದೆಯನ್ನು ತಾಳಿಕೊಳ್ಳುವುದಿಲ್ಲ, ಒಳಗೇ ಹುಳಿಯುತ್ತದೆ, ಅಕ್ಟೋಬರಿನಲ್ಲೇ ಮಾರಿಬಿಡೋಣ ಎಂದಳು. ಹ್ಯಾಂಬರ್ಗಿನ ಲ್ಯೂರ್ಸ್ ಇಪ್ಪತ್ತು ವರ್ಷದಿಂದ ಹೊಸವರ್ಷ ಕಳೆದ ಕೂಡಲೇ ಬಂದು ರೀಪರ್ ಮನೆಯ ಕಾಕ್ಸ್ ಒಯ್ಯುವ ವ್ಯಾಪಾರಿ. ಜನವರಿಯಲ್ಲಿ ಘಮ ಇರುವ ಕಾಕ್ಸ್ ಬೇರೆಲ್ಲೂ ಸಿಗುವುದಿಲ್ಲ ಎಂದೇ ಅವರು ನಮ್ಮಲ್ಲಿಗೆ ಬರುವುದು. ಅವರಿಗೆ ಏನು ಹೇಳಲಿ? ಈ ಸಲ ನನ್ನ ಸೊಸೆಗೆ ಹೆದರಿಕೆಯಾಯಿತು ಎಂದೇ?

ಹಾಯೋ ನನ್ನ ಮುಖ ನೋಡಿದ. ಮುಚ್ಚು ಎಂದೆ. ಮುಚ್ಚಿದ.

ಅಕ್ಟೋಬರ್ 19

ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಯಲ್ಲಿ ಹೆಣೆಯುತ್ತ ಕೂತಿದ್ದೆ. ವೀಬ್ಕೆ ಅಂಗಳದಿಂದ ಓಡಿ ಬಂದಳು. ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಅಂಗಳದ ತನಕ ಸೀದ ವಾಸನೆ ಬರ್ತಿದೆ, ನಿಮಗೆ ಬರಲಿಲ್ವಾ ಅತ್ತೆ ಎಂದು ಕೇಳಿದಳು. ಬಾಗಿಲು ಹಾಕಿತ್ತು ಎಂದೆ.

ಬಾಗಿಲು ತೆರೆದೇ ಇತ್ತು.

ನವೆಂಬರ್ 10

ಕೋಣೆಯ ಬಾಗಿಲಲ್ಲಿ ಕೈ ಹಿಡಿಸುವಷ್ಟು ಒಂದು ಕಿಂಡಿ ಇದೆ. ಅದರಿಂದ ಆಗಾಗ ನಾಲ್ಕು ಹಣ್ಣು ತೆಗೆದು ನೋಡುವುದು ರೂಢಿ. ವೀಬ್ಕೆ ಇವತ್ತು ತಂದ ಹಣ್ಣಿನಲ್ಲಿ ಒಂದು ಹೋಳು ತಿಂದು ನಿಂತುಬಿಟ್ಟಳು. ಏನೋ ಒಂಥರಾ ಇದೆ, ನೀವು ನೋಡಿ ಎಂದು ನನ್ನ ಕೈಗಿಟ್ಟಳು.

ಕಚ್ಚಿದೆ. ತಣ್ಣಗಿತ್ತು. ಸ್ವಲ್ಪ ಮೆತ್ತಗಾಗಿದೆಯೋ ಏನೋ.

ಚೆನ್ನಾಗಿದೆ ಎಂದೆ. ನವೆಂಬರಿನಲ್ಲಿ ಕಾಕ್ಸ್ ಹೇಗಿರಬೇಕೋ ಹಾಗೇ ಇದೆ, ಬಾಗಿಲು ತೆಗೆಯುವ ಮಾತೇ ಬೇಡ ಎಂದೆ.

ನವೆಂಬರ್ 11

ನೆಲಮಾಳಿಗೆಗೆ ಹೋಗಿ ಒಬ್ಬಳೇ ಒಂದು ಈರುಳ್ಳಿ ಸುಲಿದು ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಅಷ್ಟೇ.

ಡಿಸೆಂಬರ್ 15

ಬರೆಯದೆ ಒಂದು ತಿಂಗಳಾಯಿತು. ಬರೆಯುವಂಥದ್ದು ಏನೂ ಇರಲಿಲ್ಲ.

ವೀಬ್ಕೆ ಮತ್ತೆ ಕಿಂಡಿಯಿಂದ ಹಣ್ಣು ತೆಗೆದಳು. ಸೀಳಿದಾಗ ಬೀಜದ ಸುತ್ತ ಕಂದುಬಣ್ಣ ತಿರುಗಿತ್ತು. ನಾಲ್ಕರಲ್ಲಿ ಒಂದರಲ್ಲಿ. ಇವತ್ತೇ ತೆಗೆದರೆ ಅರ್ಧವಾದರೂ ಉಳಿಯುತ್ತದೆ ಎಂದು ಹಾಯೋಗೆ ಹೇಳಿದಳು. ಹಾಯೋ ಬಂದು ನನ್ನ ಮುಂದೆ ಕೂತ.

"ಅಮ್ಮ, ನಿಜ ಹೇಳು. ರುಚಿ ಹೇಗಿದೆ?"

ಹೇಳಿಬಿಡಬಹುದಿತ್ತು. ನನಗೆ ಗೊತ್ತಾಗುವುದಿಲ್ಲ ಮಗನೇ, ಆಗಸ್ಟಿನ ಜ್ವರದ ಮೇಲೆ ನನಗೆ ಏನೂ ಗೊತ್ತಾಗುತ್ತಿಲ್ಲ ಎಂದು. ಆದರೆ ಇವತ್ತು ಹಾಗೆಂದರೆ ಸೆಪ್ಟೆಂಬರಿನಲ್ಲಿ ಹೇಳಿದ್ದೇನು? ಟೇವೆಸ್‌ನನ್ನು ಎಲ್ಲರೆದುರು ಹಂಗಿಸಿದ್ದೇನು? ಹೆದರಿಕೆಯಾಯಿತು. ಎಂದೂ ಇಲ್ಲದ ಹೆದರಿಕೆ.

"ಒಂದು ಹಣ್ಣು ಎಲ್ಲ ವರ್ಷವೂ ಕೆಡುತ್ತೆ. ಮಿಕ್ಕಿದ್ದು ಚೆನ್ನಾಗಿದೆ" ಎಂದೆ. ಹೋದ ವರ್ಷ, ಅದರ ಹಿಂದಿನ ವರ್ಷ ಡಿಸೆಂಬರಿನಲ್ಲಿ ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದೆ.

ಜನವರಿ 8, 1997

ನಿನ್ನೆ ಹಾಯೋ ಬಾಗಿಲು ತೆಗೆದು ಒಂದು ಹಗಲು ಒಂದು ರಾತ್ರಿ ಹೊರಗಿನ ಗಾಳಿ ಆಡಲು ಬಿಟ್ಟಿದ್ದ. ಬಾಗಿಲು ತೆಗೆದು ಬಂದವನು ಊಟಕ್ಕೆ ಕೂರಲಿಲ್ಲ. ವೀಬ್ಕೆಯೂ ಕೂರಲಿಲ್ಲ. ಇಬ್ಬರೂ ಅಂಗಳದಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಲ್ಯೂರ್ಸ್ ಬಂದರು. ಒಳಗೆ ಬರುವ ಮುಂಚೆ ಒಂದು ನಿಮಿಷ ಮಾತಾಡಬೇಕು ಎಂದು ಹಾಯೋ ಅವರ ತೋಳು ಹಿಡಿದ. ಕಾಫಿ ಆಮೇಲೆ, ಮೊದಲು ಹಣ್ಣು ನೋಡಿ ಎಂದು ನಾನೇ ಅಡ್ಡ ಬಂದು ಕರೆದುಕೊಂಡು ಹೋದೆ, ಎಲ್ಲರಿಗಿಂತ ಮೊದಲು ಕೋಣೆಯೊಳಗೆ ಕಾಲಿಟ್ಟೆ. ದೀಪ ಹಾಕಿದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಛಾವಣಿಯ ತನಕ ಕೆಂಪು.

"ನೋಡಿ, ನಿನ್ನೆ ಕೊಯ್ದ ಹಾಗಿದೆ" ಎಂದೆ.

ಹಿಂತಿರುಗಿದರೆ ಲ್ಯೂರ್ಸ್ ಹೊಸ್ತಿಲಲ್ಲೇ ನಿಂತಿದ್ದಾರೆ. ಕರವಸ್ತ್ರ ಮೂಗಿಗೆ ಹಿಡಿದಿದ್ದಾರೆ. ಹಾಯೋ ಮುಖ ಆ ಕಡೆ ತಿರುಗಿಸಿಕೊಂಡಿದ್ದಾನೆ.

"ಅಮ್ಮನವರೇ, ನಿಮಗೆ ವಾಸನೆ ಬರ್ತಾ ಇಲ್ವಾ?"

ಸೇಬಿನ ಕೋಣೆಯಲ್ಲಿ ಸೇಬಿನ ವಾಸನೆ ಬರದೆ ಮೀನಿನ ವಾಸನೆ ಬರುತ್ತದೆಯೇ ಎಂದೆ. ಯಾರೂ ನಗಲಿಲ್ಲ. ಲ್ಯೂರ್ಸ್ ಒಂದು ಹಣ್ಣು ತೆಗೆದುಕೊಂಡು ಹೆಬ್ಬೆರಳಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಇನ್ನೊಂದು ಪೆಟ್ಟಿಗೆಯಿಂದ ಇನ್ನೊಂದು. ಚಾಕುವಿನಿಂದ ಸೀಳಿ ತೋರಿಸಿದರು, ಬೀಜದಿಂದ ಸಿಪ್ಪೆಯ ತನಕ ಕಂದು. ಹೊರಗೆ ಮಾತ್ರ ಆ ಬಣ್ಣ.

"ಹೆಂಡದಂಗಡಿ ಬಾಗಿಲು ತೆಗೆದ ಹಾಗಿದೆ" ಎಂದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ.

ಆಗ ವೀಬ್ಕೆ ಮುಂದೆ ಬಂದಳು. "ತಪ್ಪು ನಂದು. ಆಮ್ಲಜನಕ ತುಂಬಾ ಕಮ್ಮಿ ಇಟ್ಟುಬಿಟ್ಟೆ. ಅತ್ತೆಗೆ ಎರಡು ದಿನದಿಂದ ನೆಗಡಿ, ಅವರಿಗೆ ವಾಸನೆ ಗೊತ್ತಾಗ್ತಿಲ್ಲ."

ನನಗೆ ನೆಗಡಿ ಇರಲಿಲ್ಲ. ನಾನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ.

ಜನವರಿ 10

ರಸದ ಕಾರ್ಖಾನೆಯವರೂ ಬೇಡವೆಂದರು. ಇಡೀ ಕೋಣೆಯ ಹಣ್ಣು ಗೊಬ್ಬರದ ಗುಂಡಿಗೆ. ದನೂತಾ ಮತ್ತು ಅವಳ ಜನ ಒಂದೊಂದನ್ನೂ ತೊಟ್ಟು ಮುರಿಯದಂತೆ ಕೈಯಲ್ಲಿ ತಿರುಗಿಸಿ ಬಿಡಿಸಿದ್ದು.

ಲ್ಯೂರ್ಸ್ ಮುಂದಿನ ವರ್ಷದ ಮಾತೆತ್ತದೆ ಹೋದರು.

ಜನವರಿ 18

ಬೇಕರಿಯಲ್ಲಿ ನನ್ನ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ನಾನಿರುವುದು ಕಾಣದೆ ಮಾತಾಡುತ್ತಿದ್ದರು. ರೀಪರ್ ಮನೆಯ ಓದಿದ ಸೊಸೆ ಯಂತ್ರ ತಿರುಗಿಸಲು ಹೋಗಿ ಕಾಕ್ಸ್ ಎಲ್ಲ ಕೊಳೆಸಿದಳಂತೆ. ಪಾಪ ಮೇಟಾ, ಮೂವತ್ತೈದು ವರ್ಷ ಉಳಿಸಿಕೊಂಡು ಬಂದ ಹೆಸರು. ಇನ್ನು ಆ ಹುಡುಗಿಯ ಮಾತನ್ನು ತೋಟದವರು ಯಾರು ಕೇಳುತ್ತಾರೆ?

ಬ್ರೆಡ್ ಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಬಂದಾಗ ವೀಬ್ಕೆ ಖಾಲಿ ಕೋಣೆ ತೊಳೆಯುತ್ತಿದ್ದಳು. ನಾನೂ ಒಂದು ಪೊರಕೆ ತೆಗೆದುಕೊಂಡೆ. ಮಧ್ಯಾಹ್ನದ ತನಕ ತೊಳೆದೆವು. ವಾಸನೆ ಹೋಯಿತೇ ಎಂದು ನಾನು ಕೇಳಿದೆ, ಇನ್ನೂ ಸ್ವಲ್ಪ ಇದೆ ಎಂದಳು, ಮತ್ತೆ ತೊಳೆದೆವು.

ಜನವರಿ 25

ಏರಿಯ ಮೇಲಿನ ಊಟದ ಮನೆಯಲ್ಲಿ ಬೆಳೆಗಾರರ ಸಂಘದ ಚಳಿಗಾಲದ ಊಟ. ಬೇಯಿಸಿದ ಸೊಪ್ಪು, ಹಂದಿಮಾಂಸದ ಸಾಸೇಜು, ಎಲ್ಲರ ಮುಂದೆ ಒಂದೊಂದು ಸಣ್ಣ ಲೋಟ ಸಾರಾಯಿ. ಸಂಘದ ಅಧ್ಯಕ್ಷರಿಗೆ ಎರಡು ಲೋಟ ಒಳಗಿಳಿದರೆ ತಮಾಷೆ ಬರುತ್ತದೆ. ಎದ್ದು ನಿಂತು, ಮುಂದಿನ ಸಲ ಯಂತ್ರಕ್ಕೆ ಕೈ ಹಾಕುವ ಮೊದಲು ಅತ್ತೆಯ ನಾಲಿಗೆಯನ್ನು ಒಂದು ಮಾತು ಕೇಳಮ್ಮ ಎಂದು ವೀಬ್ಕೆಗೆ ಹೇಳಿದರು. ಮೇಜಿನ ಸುತ್ತ ನಗು. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಕಿವಿ ಕೆಂಪಗಾಗಿತ್ತು. ಟೇವೆಸ್ ಕೂಡ ನಗದೆ ತನ್ನ ಲೋಟವನ್ನೇ ನೋಡುತ್ತಿದ್ದ.

ನಾನು ಎದ್ದೆ. ಏನು ಹೇಳಬೇಕೆಂದು ಯೋಚಿಸಿಕೊಂಡು ಎದ್ದಿರಲಿಲ್ಲ.

"ಅವಳು ಯಂತ್ರ ಸರಿಯಾಗೇ ಇಟ್ಟಿದ್ಲು. ಹಣ್ಣು ಹದಿನೈದು ದಿನ ತಡವಾಗಿ ಕೊಯ್ದಿದ್ದು, ಕೊಯ್ಸಿದ್ದು ನಾನು. ಆಗಸ್ಟಿಂದ ನನಗೆ ವಾಸನೆ ಇಲ್ಲ, ರುಚಿ ಇಲ್ಲ. ಕಚ್ಚುವ ಭಾನುವಾರ ನಿಮ್ಮೆಲ್ಲರ ಹಣ್ಣು ಕಚ್ಚಿ ಹೇಳಿದ್ನಲ್ಲ, ಅದೂ ಗೊತ್ತಿಲ್ದೇ ಹೇಳಿದ್ದು. ಇವಳು ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ಲು. ಹದಿನೇಳು ದಿನದಿಂದ ನಾನು ಆ ಸುಳ್ಳಿನ ನೆರಳಲ್ಲಿ ಕೂತಿದೀನಿ."

ಅಧ್ಯಕ್ಷರು ಲೋಟ ಹಿಡಿದುಕೊಂಡೇ ಕೂತರು. ಟೇವೆಸ್ ತನ್ನ ಲೋಟ ಕೆಳಗಿಟ್ಟು ಬಾಯಿ ಬಿಟ್ಟ.

"ನನಗೆ ಅವತ್ತೇ ಅನುಮಾನ ಬಂದಿತ್ತು ಮೇಟಾ. ನಿನ್ನೆದುರು ಹೇಳೋಕೆ ಧೈರ್ಯ ಬರಲಿಲ್ಲ."

ನನಗೂ ಬರಲಿಲ್ಲ, ಅದಕ್ಕೆ ತೆತ್ತವಳು ಇವಳು ಎಂದೆ. ಕೂತೆ.



ಜನವರಿ 26, ಭಾನುವಾರ

ಬೆಳಿಗ್ಗೆ ಕಾಫಿಗೆ ಕೂತಾಗ ವೀಬ್ಕೆಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ನೇರವಾಗಿ ಸಿಟ್ಟು ಮಾಡಿದ್ದು ಇದೇ ಮೊದಲು.

"ಯಾಕೆ ಹೇಳಿದ್ರಿ ಅತ್ತೆ? ನಾನು ಹೊತ್ಕೊಂಡಿದ್ನಲ್ಲ. ನಾನು ಚಿಕ್ಕವಳು, ನಾಲ್ಕು ವರ್ಷ ಒಳ್ಳೆ ಬೆಳೆ ತೆಗೆದ್ರೆ ಜನ ಮರೀತಿದ್ರು. ನಿಮ್ಮದು ಹಾಗಲ್ಲ. ಇನ್ನು ಸೆಪ್ಟೆಂಬರಲ್ಲಿ ಈ ಅಡುಗೆಮನೆಗೆ ಯಾರು ಬರ್ತಾರೆ?"

"ಯಾರೂ ಬರಲ್ಲ" ಎಂದೆ. "ಆದರೆ ಆ ತಪ್ಪು ನಂದು ಕಣೇ. ಮೂಗು ಹೋಯ್ತು, ನಾಲಿಗೆ ಹೋಯ್ತು. ತಪ್ಪನ್ನೂ ನೀನೇ ತಗೊಂಡ್ರೆ ನನಗೆ ಅಂತ ಉಳಿಯೋದೇನು?"

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಳುತ್ತಿದ್ದಳೇನೋ, ನಾನು ನೋಡಲಿಲ್ಲ. ಬಂದು ಕೂತ ಮೇಲೆ, ಮಂಗಳವಾರ ಪಟ್ಟಣದ ಡಾಕ್ಟರ ಹತ್ತಿರ ಹೋಗೋಣ, ನಾನು ಗಾಡಿ ಓಡಿಸ್ತೀನಿ, ಬೇಡ ಅನ್ನಬೇಡಿ ಎಂದಳು. ನಾನು ಬೇಡ ಎನ್ನಲಿಲ್ಲ.

ಅಷ್ಟರಲ್ಲಿ ಹಾಯೋ ಒಳಗೆ ಬಂದ. ಎರಡನೆಯ ಕೋಣೆಯಲ್ಲಿ ಬೋಸ್ಕೋಪ್ ಎಂಬ ಇನ್ನೊಂದು ತಳಿಯ ಸೇಬಿದೆ, ಅಕ್ಟೋಬರಿನಲ್ಲಿ ವೀಬ್ಕೆ ಹೇಳಿದ ದಿನ ಕೊಯ್ದದ್ದು. ನನಗೆ ಆಗ ಕಾಕ್ಸ್ ಬಿಟ್ಟು ಬೇರೆಯದರ ಗೊಡವೆ ಇರಲಿಲ್ಲ. ಹಾಯೋನ ಕೈಯಲ್ಲಿ ಕಿಂಡಿಯಿಂದ ತೆಗೆದ ನಾಲ್ಕು ಹಣ್ಣು. ಈಗಲೇ ಬಾಗಿಲು ತೆಗೆಯುವುದೋ, ಮಾರ್ಚ್ ತನಕ ಬಿಡುವುದೋ ಎಂದು ಕೇಳಿದ. ಕೇಳಿ ಹಣ್ಣನ್ನು ಮೇಜಿನ ಮೇಲಿಟ್ಟ, ನನ್ನ ಮುಂದೆ ಅಲ್ಲ, ಅವಳ ಮುಂದೆ.

ವೀಬ್ಕೆ ಒಂದನ್ನು ಎತ್ತಿಕೊಂಡು ಕಚ್ಚಿದಳು. ಅವಸರ ಮಾಡದೆ ಅಗಿದಳು. ಏನು ಹೇಳುತ್ತಾಳೋ ಎಂದು ನಾನು ಅವಳ ಮುಖವನ್ನೇ ನೋಡುತ್ತ ಕೂತಿದ್ದೆ.